ಬೇಕಲದ ಕೋಟೆಯೂ ಕನ್ನಡದ ಒಂದು ಖಗೋಳ ಪುಸ್ತಿಕೆಯೂ

ನಮ್ಮ ಕರಾವಳಿಯ ಕೋಟೆಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮುತ್ತಿಗೆ, ಒಪ್ಪಂದ, ಕಪ್ಪಕಾಣಿಕೆಗಳ ವಿಷಯವನ್ನೇ ವಿಸ್ತರಿಸಿದ್ದಾರೆ. ಕೋಟೆಯೆಂದೊಡನೆ ಕಾದಾಟದ ನೆನಪಾಗುವುದು ಸಹಜ. ಆದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಒಂದು ಕೋಟೆ 1871ರ ಡಿಸೆಂಬರ್ ತಿಂಗಳಲ್ಲಿ ಕೆಲವು ದಿನಗಳ ಮಟ್ಟಿಗೆ ವೇಧಶಾಲೆಯಾಗಿತ್ತು. ಯುರೋಪಿನ ಹೆಸರಾಂತ ಜ್ಯೋತಿರ್ವಿಜ್ಞಾನಿಯೊಬ್ಬರು ಅಲ್ಲಿ ತಮ್ಮ ದೂರದರ್ಶಕಗಳನ್ನು ಹೂಡಿ ಸೂರ್ಯನನ್ನು ಪರಿಶೀಲಿಸಿದರು. ಆ ಕೋಟೆ ಬೇಕಲದ್ದು. ಇದಾದ ಮೂರು ವರ್ಷಗಳಿಗೆ ಮದರಾಸು ವೇಧಶಾಲೆಯ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ಆಕಾಶದಲ್ಲಿ ನಡೆಯಲಿದ್ದ ಒಂದು ಅಪೂರ್ವ ಘಟನೆಯನ್ನು ಜನಸಾಮಾನ್ಯರಿಗೆ ತಿಳಿಯಹೇಳುವ ಪುಸ್ತಿಕೆಯೊಂದನ್ನು ರಚಿಸಿ, ಅದನ್ನು ಕನ್ನಡದಲ್ಲಿಯೂ ಹೊರತಂದರು. ಮೊದಲನೆಯ ಪ್ರಸಂಗದಲ್ಲಿ ಜನರು ಕೋಟೆಯ ಹೊರಗಿದ್ದರು. ಎರಡನೆಯದರಲ್ಲಿ ಅವರನ್ನು ಒಳಗೆ ಕರೆಯುವ ಪ್ರಯತ್ನವಿತ್ತು. ಈ ಎರಡನ್ನೂ ಬೇರೆಬೇರೆಯಾಗಿ ಬಲ್ಲವರು ಉಂಟು. ಒಟ್ಟಿಗಿರಿಸಿ ನೋಡಿದಾಗಲೇ ಅವುಗಳ ಮಹತ್ತ್ವ ವಿಶದವಾಗುವುದೆಂದು ನಮ್ಮ ಭಾವನೆ.

ಬೇಕಲದ ಕೋಟೆಯನ್ನು 1650ರ ಸುಮಾರಿಗೆ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ. ಶಿಸ್ತಿನ ಶಿವಪ್ಪನಾಯಕನೆಂದು ಹೆಸರಾದ ಈ ದೊರೆ ಕಡಲ ದಂಡೆಯುದ್ದಕ್ಕೂ ತನ್ನ ಅಧಿಕಾರವನ್ನು ಭದ್ರಪಡಿಸಿಕೊಂಡ ಕಾಲ ಅದು. ಸಮುದ್ರಕ್ಕೆ ಚಾಚಿಕೊಂಡ ನೆಲಮೂಲೆಯ ಮೇಲೆ, ಮುರಕಲ್ಲಿನಿಂದ ಎದ್ದುನಿಂತ ಈ ಕೋಟೆ ನಲವತ್ತು ಎಕರೆಗೆ ಕಡಮೆಯಿಲ್ಲದ ವಿಸ್ತಾರವುಳ್ಳದ್ದು. ಇದೇ ವಂಶದ ಬಸವಭೂಪಾಲನು 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿ ಅದರಲ್ಲಿ ಭೂಗೋಳ, ಖಗೋಳಗಳಿಗೂ ಸ್ಥಾನ ಕಲ್ಪಿಸಿದ್ದನ್ನು ಈ ಪತ್ರಿಕೆಯ ವಾಚಕರು ಬಲ್ಲರು. ಪೂರ್ವಿಕರ ಕಾಲದ ಕೋಟೆಯ ಮೇಲೆ ಒಂದು ದಿನ ಸೂರ್ಯನನ್ನು ಅಳೆಯುವ ಯಂತ್ರಗಳು ಬಂದು ನಿಲ್ಲುವುವೆಂದು ಆ ಗ್ರಂಥಕರ್ತನು ಊಹಿಸಿರಲಾರ.

ಕೆಳದಿಯ ಅನಂತರ ಹೈದರಾಲಿ, ಟಿಪ್ಪುಸುಲ್ತಾನರ ಕೈಸೇರಿದ ಈ ಪ್ರದೇಶ 1799ರಲ್ಲಿ ಟಿಪ್ಪುವಿನ ಪತನದೊಡನೆ ಸಂಪೂರ್ಣವಾಗಿ ಕಂಪೆನಿ ಸರಕಾರದ ವಶವಾಯಿತು. 1871ರ ಹೊತ್ತಿಗೆ ನೇತ್ರಾವತಿಯ ದಡದ ಪಾಣೆಮಂಗಳೂರೂ ಚಂದ್ರಗಿರಿ ಹೊಳೆಯಾಚೆಯ ಬೇಕಲವೂ ಮದರಾಸು ಆಧಿಪತ್ಯದ ಒಂದೇ ಜಿಲ್ಲೆಯ ಊರುಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಆ ಮೇಲೆ ಬೇಕಲದ ವೃತ್ತಾಂತ ಕನ್ನಡದ ಚರಿತ್ರೆಯಿಂದ ಮೆಲ್ಲಗೆ ಜಾರಿಹೋಯಿತು.

ಯುರೋಪಿನ ವಿಜ್ಞಾನಿಗಳು ಇಷ್ಟು ದೂರ ಬಂದುದಕ್ಕೆ ಕಾರಣ ಮೂರು ವರ್ಷ ಹಿಂದಿನ ಇನ್ನೊಂದು ಗ್ರಹಣ. 1868ರ ಆಗಸ್ಟ್ 18ರಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ನೆರಳು ಕೊಂಕಣದಿಂದ ಮಚಲೀಪಟ್ಟಣದವರೆಗೆ ಹಾದುಹೋಯಿತು. ಆ ದಾರಿಯಲ್ಲಿ ಕನ್ನಡ ನಾಡಿನ ಎರಡು ಊರುಗಳು ವೀಕ್ಷಣ ಕೇಂದ್ರಗಳಾದುವು. ಪ್ರಸಿದ್ಧ ಹರ್ಷೆಲ್ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿಯೂ ಕ್ಯಾಪ್ಟನ್ ಹೇಗ್ ವಿಜಾಪುರದಲ್ಲಿಯೂ ಬೀಡುಬಿಟ್ಟರು. ಮಳೆಗಾಲದ ಮೋಡಗಳ ನಡುವೆಯೇ ಹರ್ಷೆಲ್‌ಗೆ ಸೂರ್ಯನ ಅಂಚಿನಿಂದ ಹೊರಚಾಚಿದ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ಗೆರೆಗಳು ಕಂಡುವು. ಗುಂಟೂರಿನಲ್ಲಿ ಫ್ರಾನ್ಸಿನ ಝಾನ್ಸೆನ್‌ಗೂ ಅವೇ ಕಂಡುವು. ಜ್ವಾಲೆಗಳು ಉರಿಯುವ ಅನಿಲದವೆಂದು ಹೀಗೆ ಖಚಿತವಾಯಿತು.

ಇಲ್ಲಿ ಒಂದು ಜನಜನಿತ ತಪ್ಪನ್ನು ಎತ್ತಿಹೇಳಬೇಕು. ಹೀಲಿಯಂ ಎಂಬ ಮೂಲವಸ್ತುವನ್ನು ನಾರ್ಮನ್ ಲಾಕ್ಯರ್ 1868ರಲ್ಲಿ ಕೊಂಕಣದ ವಿಜಯದುರ್ಗದ ಕೋಟೆಯಿಂದ ಕಂಡುಹಿಡಿದರೆಂದು ಬರೆಯುವವರಿದ್ದಾರೆ. ಆ ವರ್ಷ ಲಾಕ್ಯರ್ ಭಾರತದಲ್ಲಿ ಇರಲೇ ಇಲ್ಲ. ಗ್ರಹಣವಿಲ್ಲದ ದಿನದಲ್ಲಿಯೂ ಜ್ವಾಲೆಗಳನ್ನು ನೋಡುವ ವಿಧಾನವನ್ನು ಸಾಧಿಸಿ, 1868ರ ಅಕ್ಟೋಬರ್ 20ರಂದು ಅವರು ಇಂಗ್ಲೆಂಡಿನಿಂದಲೇ ಆ ಹಳದಿ ಗೆರೆಯ ಸ್ಥಾನವನ್ನು ಗುರುತಿಸಿದರು. ವಿಜಯದುರ್ಗಕ್ಕೆ ಅವರು ಬಂದದ್ದು 1898ರ ಜನವರಿ 22ರ ಗ್ರಹಣಕ್ಕಾಗಿ. ಲಾಕ್ಯರ್ ಭಾರತದಲ್ಲಿ ಮೊದಲು ಗ್ರಹಣವನ್ನು ವೀಕ್ಷಿಸಿದ ಕೋಟೆ ಬೇಕಲದ್ದು. ಒಂದು ಕೋಟೆಗೆ ಸಲ್ಲದ ಕೀರ್ತಿ ಸಂದಿದೆ. ಇನ್ನೊಂದಕ್ಕೆ ಸಲ್ಲಬೇಕಾದುದು ಸಂದಿಲ್ಲ.

1871ರ ಡಿಸೆಂಬರ್ 12ರ ಬೆಳಿಗ್ಗೆ ಖಗ್ರಾಸ ಗ್ರಹಣದ ನೆರಳು ಬೇಕಲದ ಸಮೀಪದಲ್ಲಿ ಭೂಭಾಗವನ್ನು ಪ್ರವೇಶಿಸಿ, ವಯನಾಡು, ನೀಲಗಿರಿ, ಪುದುಕ್ಕೋಟೆಗಳ ಮೇಲಿಂದ ಸಿಂಹಳದ ಉತ್ತರ ಭಾಗಕ್ಕೆ ಸಾಗಿತು. ಬ್ರಿಟಿಷ್ ಅಸೋಸಿಯೇಷನ್ನಿನ ಪರವಾಗಿ ಬಂದ ಲಾಕ್ಯರ್ ತಮ್ಮ ತಂಡವನ್ನು ಹಲವು ಕಡೆಗಳಿಗೆ ಹಂಚಿದರು. ಮೋಡ ಒಂದೂರಿಗೆ ಕವಿದರೆ ಇನ್ನೊಂದೂರಾದರೂ ತಪ್ಪಿಸಿಕೊಳ್ಳಲಿ ಎಂಬುದು ಅದರ ಹಿಂದಿನ ಎಚ್ಚರ. ಕೆಲವರು ಮಾನಂತವಾಡಿಗೆ ಹೋದರು. ಇಟಲಿಯ ರೆಸ್ಪಿಘಿ ಪುದುಕ್ಕೋಟೆಯಲ್ಲಿದ್ದರು. ಯಾಳ್ಪಾಣ, ತ್ರಿಕೋಣಮಲೆಗಳಲ್ಲಿಯೂ ವೀಕ್ಷಕರಿದ್ದರು. ಲಾಕ್ಯರ್, ಕ್ಯಾಪ್ಟನ್ ಮೆಕ್ಲಿಯರ್, ಛಾಯಾಗ್ರಾಹಕ ಡೇವಿಸ್ ಮೊದಲಾದವರು ಬೇಕಲಕ್ಕೆ ಬಂದರು. ಝಾನ್ಸೆನ್ ಪ್ರತ್ಯೇಕವಾಗಿ ನೀಲಗಿರಿಯ ಶೋಲೂರಿನಲ್ಲಿ ನೆಲೆಸಿದರು. ಮದರಾಸು ವೇಧಶಾಲೆಯ ಮುಖ್ಯಸ್ಥ ಪಾಗ್ಸನ್ ಅವಿನಾಶಿಯಲ್ಲಿದ್ದರು.

ಬೇಕಲದಲ್ಲಿ ಅವರಿಗೆ ಆಕಾಶ ಒಲಿಯಿತು. ಗ್ರಹಣ ಪೂರ್ಣವಾದ ಆ ಕೆಲವೇ ಕ್ಷಣಗಳಲ್ಲಿ ಮಾಡಿದ ಕೆಲಸವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಸೂರ್ಯಬಿಂಬ ಮುಚ್ಚಿದಾಗ ಅದರ ಸುತ್ತ ಬೆಳ್ಳಿಯ ಬಣ್ಣದ ಒಂದು ಪ್ರಭಾವಲಯ ಕಾಣಿಸುತ್ತದೆ. ಅದಕ್ಕೆ ಕರೋನ ಎಂದು ಹೆಸರು. ಅದು ಸೂರ್ಯನದೋ, ಚಂದ್ರನದೋ, ನಮ್ಮ ವಾಯುಮಂಡಲದ ಮಾಯೆಯೋ ಎಂಬ ವಿವಾದ ಆಗಿನ್ನೂ ಪೂರ್ತಿ ಅಡಗಿರಲಿಲ್ಲ. ರೋಹಿತದರ್ಶಕದಲ್ಲಿ ಬೆಳಕು ಸಾಮಾನ್ಯವಾಗಿ ಒಂದು ಕಿರಿದಾದ ಸೀಳಿನ ಮೂಲಕ ಬರುತ್ತದೆ. ಆದುದರಿಂದಲೇ ಒಂದೊಂದು ಬಣ್ಣವೂ ಒಂದೊಂದು ಗೆರೆಯಾಗಿ ತೋರುತ್ತದೆ. ಲಾಕ್ಯರ್ ಆ ಸೀಳನ್ನೇ ತೆಗೆದುಹಾಕಿ, ಸಾಲಾಗಿ ಜೋಡಿಸಿದ ಪಟ್ಟಕಗಳ ಮೂಲಕ ನೇರವಾಗಿ ಕರೋನವನ್ನು ನೋಡಿದರು. ಆಗ ಗೆರೆಗಳ ಬದಲು ಬಣ್ಣಬಣ್ಣದ ಉಂಗುರಗಳು ಕಂಡುವು: ಜಲಜನಕದ ಕೆಂಪು, ನೀಲಿ ಉಂಗುರಗಳು, ಅವುಗಳೊಡನೆ ಒಂದು ಹಸುರು ಉಂಗುರ. ದೂರದ ಪುದುಕ್ಕೋಟೆಯಲ್ಲಿ ರೆಸ್ಪಿಘಿಯೂ ಇಂತಹ ಉಂಗುರಗಳನ್ನೇ ಕಂಡರು. ಶೋಲೂರಿನಲ್ಲಿ ಝಾನ್ಸೆನ್ ಕರೋನದ ರೋಹಿತದಲ್ಲಿ ಸೂರ್ಯನ ಬೆಳಕಿಗೇ ವಿಶಿಷ್ಟವಾದ ಕಪ್ಪು ಗೆರೆಗಳನ್ನು ಗುರುತಿಸಿದರು. ಕರೋನ ಸೂರ್ಯನಿಗೇ ಸೇರಿದ್ದು ಎಂಬ ತೀರ್ಮಾನ ಇವೆಲ್ಲವುಗಳಿಂದ ದೃಢಪಟ್ಟಿತು.

ಆ ಹಸುರು ಬೆಳಕು ಮಾತ್ರ ಬಹುಕಾಲ ಒಗಟಾಗಿಯೇ ಉಳಿಯಿತು. ಭೂಮಿಯ ಮೇಲಿನ ಯಾವ ವಸ್ತುವಿನಿಂದಲೂ ಅದು ಹೊರಡದಿದ್ದುದರಿಂದ ‘ಕರೋನಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಿದರು. ಅಂಥ ಧಾತುವೊಂದು ಇಲ್ಲ. ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣವೇ ಆ ಬೆಳಕನ್ನು ಹೊರಸೂಸುತ್ತದೆ ಎಂಬುದನ್ನು ಸ್ವೀಡನ್ನಿನ ಎಡ್ಲೇನ್ 1940ರ ದಶಕದ ಆರಂಭದಲ್ಲಿ ನಿರ್ಣಯಿಸಿದರು. ಅಷ್ಟು ಎಲೆಕ್ಟ್ರಾನುಗಳು ಕಳಚಬೇಕಾದರೆ ಅಲ್ಲಿನ ಉಷ್ಣತೆ ಹತ್ತು ಲಕ್ಷ ಡಿಗ್ರಿಗಿಂತ ಮೇಲಿರಬೇಕು. ಶಿವಪ್ಪನಾಯಕನ ಕೋಟೆಯಿಂದ ಕಂಡ ಹಸುರು ಉಂಗುರದ ಅರ್ಥ ಬಿಡಿಸಲು ಎಪ್ಪತ್ತು ವರ್ಷ ಹಿಡಿಯಿತು.

ಇದು ಕೋಟೆಯ ಒಳಗಿನ ಸಂಗತಿ. ಹೊರಗೆ ನಡೆದದ್ದೂ ಅಂದಿನ ವರದಿಗಳಲ್ಲಿ ಉಳಿದುಬಂದಿದೆ. ಗ್ರಹಣ ಹಿಡಿಯುತ್ತ ಬಂದಂತೆ ಸುತ್ತಣ ಊರುಗಳ ಜನ ಕೋಟೆಯ ಬಳಿ ನೆರೆದರು. ಗ್ರಸ್ತನಾದ ಸೂರ್ಯನ ಬಿಡುಗಡೆಗಾಗಿ ಕುರುಚಲು ಕಟ್ಟಿಗೆಯನ್ನು ಒಟ್ಟಿ ಬೆಂಕಿ ಹಾಕಲು ಮುಂದಾದರು. ಹೊಗೆ ಎದ್ದರೆ ವೀಕ್ಷಣೆ ಕೆಡುವುದೆಂದು ಪೊಲೀಸರನ್ನು ಕಳುಹಿಸಿ ಆ ಬೆಂಕಿಯನ್ನು ತಡೆಸಲಾಯಿತು. ಇಂಗ್ಲಿಷ್ ಬರೆಹಗಳು ಇದನ್ನು ಒಂದು ವಿನೋದದ ಸಂಗತಿಯಂತೆ ಹೇಳುತ್ತವೆ. ನಮಗೆ ಅದು ವಿನೋದವಾಗಿ ತೋರುವುದಿಲ್ಲ. ಆ ಬೆಳಿಗ್ಗೆ ಒಂದೇ ಸೂರ್ಯನನ್ನು ಎರಡು ಗುಂಪುಗಳು ನೋಡಿದುವು. ನಡುವೆ ಇದ್ದದ್ದು ಪೊಲೀಸರು. ಬೆಂಕಿಯನ್ನು ಆರಿಸಿದವರು ಜನರಿಗೆ ಏನನ್ನಾದರೂ ತಿಳಿಸಿಹೇಳಿದ ಉಲ್ಲೇಖ ಆ ಕಥನಗಳಲ್ಲಿ ಬರುವುದಿಲ್ಲ.

ಹಾಗೆಂದು ಆ ಜನ ಗ್ರಹಣದ ವಿಷಯದಲ್ಲಿ ಏನೂ ಅರಿಯದವರೆಂದು ಭಾವಿಸುವುದೂ ತಪ್ಪು. ಪಾಣೆಮಂಗಳೂರು, ಬಂಟ್ವಾಳಗಳಂತಹ ಹೊಳೆದಂಡೆಯ ಊರುಗಳಲ್ಲಿ ಗ್ರಹಣವೆಂದರೆ ಸ್ಪರ್ಶಕ್ಕೊಂದು ಸ್ನಾನ, ಮೋಕ್ಷಕ್ಕೊಂದು ಸ್ನಾನ, ನಡುವೆ ಉಪವಾಸ, ಜಪ, ದಾನ. ಇದಕ್ಕೆಲ್ಲ ಕಾಲನಿರ್ಣಯ ಮೊದಲೇ ಆಗಿರಬೇಕು. ಕನ್ನಡ ನಾಡಿನ ಶಾಸನಗಳಲ್ಲಿ ಗ್ರಹಣಕಾಲದ ದಾನಗಳ ಉಲ್ಲೇಖಗಳು ವಿಪುಲವಾಗಿವೆ. ಅವುಗಳ ಆಧಾರದಿಂದ ಹಳೆಯ ಗ್ರಹಣಗಳನ್ನು ಗುರುತಿಸುವ ಕಾರ್ಯವನ್ನು ಇತ್ತೀಚಿನ ವಿದ್ವಾಂಸರು ಕೈಗೊಂಡಿದ್ದಾರೆ. ಶ್ರೀಧರಾಚಾರ್ಯನು 1049ರಷ್ಟು ಹಿಂದೆಯೇ ‘ಜಾತಕತಿಲಕ’ವನ್ನು ಕನ್ನಡದಲ್ಲಿ ಬರೆದಿದ್ದನು. ಆದರೆ ಗಣಿತ ಜೋಯಿಸರ ಮನೆಯಲ್ಲಿತ್ತು, ಫಲ ಮಾತ್ರ ಊರಿಗೆ ಬರುತ್ತಿತ್ತು. ಗ್ರಹಣ ಯಾವಾಗ ಹಿಡಿಯುವುದೆಂಬುದನ್ನು ಎಲ್ಲರೂ ಬಲ್ಲರು. ಏಕೆ ಹಿಡಿಯುವುದೆಂಬುದು ಸಿದ್ಧಾಂತ ಓದಿದ ಕೆಲವರ ಸೊತ್ತು. ತಿಥಿ ವಾರ ನಕ್ಷತ್ರಗಳ ಭಯವನ್ನು ಹನ್ನೆರಡನೆಯ ಶತಮಾನದ ಶರಣರು ನೇರವಾಗಿ ನಿರಾಕರಿಸಿದ್ದರೂ ಆ ಭಯ ನಾಡಿನಿಂದ ತೊಲಗಿರಲಿಲ್ಲ.

ಜೋಯಿಸರ ಗಣಿತದ ಸ್ಥಿತಿ ಹೇಗಿತ್ತು? ಮದರಾಸು ವೇಧಶಾಲೆಯ ಹೊಣೆ ಹೊತ್ತಿದ್ದ ಜಾನ್ ವಾರೆನ್ ತಮ್ಮ ‘ಕಾಲಸಂಕಲಿತ’ದಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗವನ್ನು ದಾಖಲಿಸಿದ್ದಾರೆ. ಪುದುಚೇರಿಯ ಪಂಚಾಂಗದವನೊಬ್ಬ 1825ರ ಚಂದ್ರಗ್ರಹಣವೊಂದನ್ನು ಕಾಗದ ಲೇಖನಿಗಳ ಹಂಗಿಲ್ಲದೆ, ನೆಲದ ಮೇಲೆ ಚಿಪ್ಪುಗಳನ್ನಿಟ್ಟು, ಬಾಯಿಪಾಠದ ಕೋಷ್ಟಕಗಳಿಂದ ಲೆಕ್ಕಹಾಕಿ ತೋರಿಸಿದನು. ಸ್ಪರ್ಶಕಾಲದಲ್ಲಿ ಅವನ ಲೆಕ್ಕ 4 ನಿಮಿಷ ಮಾತ್ರ ತಪ್ಪಿತು. ಮಧ್ಯಕಾಲದಲ್ಲಿ 23 ನಿಮಿಷ, ಮೋಕ್ಷದಲ್ಲಿ 52 ನಿಮಿಷ. ಬೆರಗುಗೊಳಿಸುವ ಕೌಶಲ! ಆದರೂ ಕೋಷ್ಟಕಗಳು ಹಳೆಯವಾಗಿದ್ದುವು. ಸಿದ್ಧಾಂತಕಾರರು ಬೀಜಸಂಸ್ಕಾರವೆಂದು ಕರೆದ ಕಾಲಕಾಲದ ತಿದ್ದುಪಡಿ ನಿಂತುಹೋಗಿತ್ತು. ಆಕಾಶವನ್ನು ನೋಡಿ ಗಣಿತವನ್ನು ತಿದ್ದಿಕೊಳ್ಳುವ ಬದಲು ಗಣಿತವನ್ನು ನಂಬಿ ಆಕಾಶವನ್ನು ಮರೆತಿದ್ದರು.

ಈ ಕೊರತೆಯನ್ನು ಒಳಗಿನಿಂದಲೇ ಕಂಡವರು ಚಿಂತಾಮಣಿ ರಘುನಾಥಾಚಾರ್ಯರು. ಪಂಚಾಂಗಕರ್ತರ ಮನೆತನದಲ್ಲಿ ಹುಟ್ಟಿ, ಹರೆಯದಲ್ಲೇ ಮದರಾಸು ವೇಧಶಾಲೆಯಲ್ಲಿ ಕೆಲಸಕ್ಕೆ ಸೇರಿ ಸುಮಾರು ನಾಲ್ಕು ದಶಕಗಳ ಕಾಲ ಅಲ್ಲಿ ದುಡಿದರು. ಆ ವೇಧಶಾಲೆ 1786ರಲ್ಲಿ ವಿಲಿಯಂ ಪೆಟ್ರಿ ಎಂಬ ಅಧಿಕಾರಿಯ ಖಾಸಗಿ ಪ್ರಯತ್ನವಾಗಿ ಮೊದಲಾಗಿ, 1792ರಲ್ಲಿ ನುಂಗಂಬಾಕದ ಸ್ವಂತ ಕಟ್ಟಡಕ್ಕೆ ಬಂದಿತ್ತು. ಅಲ್ಲಿ ಯಂತ್ರವನ್ನು ಹೊತ್ತುನಿಂತ ಕಗ್ಗಲ್ಲಿನ ಕಂಬವೊಂದುಂಟು. ಏಷ್ಯಾ ಖಂಡದಲ್ಲಿ ಗಣಿತವಿದ್ಯೆಯನ್ನು ಬ್ರಿಟಿಷರು ಮೊದಲು ನೆಟ್ಟ ಕಾಲ ಯಾವುದೆಂಬುದನ್ನು ಸಾವಿರ ವರ್ಷಗಳ ಮುಂದಿನವರೂ ತಿಳಿಯಲಿ ಎಂಬ ಆಶಯದಿಂದ ಅದನ್ನು ನಿಲ್ಲಿಸಿದರಂತೆ. ಆರ್ಯಭಟ, ಭಾಸ್ಕರರ ನಾಡಿನಲ್ಲಿ ಇಂಥ ಮಾತು! ಕಂಬದ ಬಲ ಮೆಚ್ಚತಕ್ಕದ್ದು, ಆಶಯದ ಬಲವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ.

ಆ ಕಂಬದ ನೆರಳಿನಲ್ಲಿಯೇ ರಘುನಾಥಾಚಾರ್ಯರು 1867ರಲ್ಲಿ ಬೆಳಕು ಹೆಚ್ಚುಕಡಮೆಯಾಗುವ ನಕ್ಷತ್ರವೊಂದನ್ನು ಪತ್ತೆಹಚ್ಚಿದರು. ಖಗೋಳಶಾಸ್ತ್ರದಲ್ಲಿ ‘ಆರ್ ರೆಟಿಕ್ಯುಲಿ’ ಎಂದು ಹೆಸರಾದುದು ಅದೇ. 1868ರ ಗ್ರಹಣದಲ್ಲಿ ವನಪರ್ತಿಗೆ ಹೋದ ತಂಡಕ್ಕೆ ಅವರೇ ನಾಯಕರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಪ್ರತ್ಯಕ್ಷ ವೇಧಕ್ಕೆ ಹೊಂದುವಂತೆ ಪಂಚಾಂಗವನ್ನು ತಿದ್ದಬೇಕೆಂದು ವಾದಿಸಿ ದೃಗ್ಗಣಿತ ಪಂಚಾಂಗವನ್ನೂ ಅವರು ಹೊರಡಿಸಿದರು. ಹಳೆಯ ವಿದ್ಯೆಯನ್ನು ತೊರೆದು ಹೊಸದನ್ನು ಹಿಡಿದವರು ಅಂದು ಹಲವರಿದ್ದರು. ಹಳೆಯದನ್ನು ಕೈಬಿಡದೆ ಹೊಸದರಿಂದ ಅದನ್ನು ಶುದ್ಧಿಗೊಳಿಸಲು ಹೊರಟವರು ವಿರಳ.

1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗಬೇಕಾಗಿತ್ತು. ಇದಕ್ಕೆ ಹಿಂದೆ ಅಂತಹ ಯೋಗ ಬಂದದ್ದು 1769ರಲ್ಲಿ. ಭೂಮಿಯ ದೂರದೂರದ ಸ್ಥಳಗಳಿಂದ ನೋಡಿದಾಗ ಶುಕ್ರನ ಚುಕ್ಕೆ ಸೂರ್ಯನ ಮೇಲೆ ಸ್ವಲ್ಪ ಬೇರೆಬೇರೆ ದಾರಿಯಲ್ಲಿ ಸಾಗಿದಂತೆ ತೋರುತ್ತದೆ. ಈ ಬಗೆಯ ವ್ಯತ್ಯಾಸಕ್ಕೆ ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ‘ಲಂಬನ’ವೆಂಬ ಹೆಸರು ಬಹಳ ಹಿಂದಿನಿಂದಲೇ ಉಂಟು. ಅದನ್ನು ಅಳೆದರೆ ಭೂಮಿಯಿಂದ ಸೂರ್ಯನಿಗಿರುವ ದೂರ ದೊರೆಯುವುದು. ಯುರೋಪಿನ ರಾಷ್ಟ್ರಗಳು ಇದಕ್ಕಾಗಿ ಲೋಕದ ನಾನಾ ಮೂಲೆಗಳಿಗೆ ತಂಡಗಳನ್ನು ಅಟ್ಟಿದುವು. ಭಾರತದಲ್ಲಿ ಬೆಳಗಿನಿಂದ ನಡುಹಗಲವರೆಗೆ, ನಾಲ್ಕು ಗಂಟೆಗಳಿಗೂ ಮಿಕ್ಕಿದ ಕಾಲ ಅದು ಕಾಣುವಂತಿತ್ತು. ಮಸಿ ಹಿಡಿಸಿದ ಗಾಜೊಂದಿದ್ದರೆ ಸೂರ್ಯನ ಮೇಲಿನ ಆ ಕರಿಯ ಬೊಟ್ಟು ದೂರದರ್ಶಕವಿಲ್ಲದೆಯೂ ಕಾಣತಕ್ಕದ್ದೆಂಬುದು ಅಂದಿನವರ ಎಣಿಕೆ. (ಮಸಿಗಾಜು ಕಣ್ಣಿಗೆ ಅಪಾಯವೆಂದು ಇಂದಿನ ವೈದ್ಯರು ಸಾರಿಹೇಳುತ್ತಾರೆ, ಯಾರೂ ಈಗ ಅದನ್ನು ಅನುಸರಿಸಬಾರದು.)

ಆಚಾರ್ಯರು ಈ ಸಂದರ್ಭವನ್ನು ಬಿಡಲಿಲ್ಲ. ಸರಕಾರದ ತಂಡಗಳಿಗೆ ಜನ ಕಾಣಿಸದಿದ್ದರೂ ಅವರಿಗೆ ಕಾಣಿಸಿದರು. ಘಟನೆ ಏನು, ಏಕೆ, ಎಷ್ಟು ಹೊತ್ತಿಗೆ, ಅದರಿಂದ ತಿಳಿಯುವುದೇನು ಎಂಬುದನ್ನು ವಿವರಿಸುವ ಪುಸ್ತಿಕೆಯನ್ನು ಬರೆದು, ಇಂಗ್ಲಿಷಿನೊಡನೆ ತಮಿಳು, ಕನ್ನಡ, ಉರ್ದು ಮೊದಲಾದ ಭಾಷೆಗಳಲ್ಲಿ ಪ್ರಕಟಪಡಿಸಿದರು. ಮದರಾಸು ಆಧಿಪತ್ಯಕ್ಕೆ ಸೇರಿದ ಕನ್ನಡಿಗರೆಂದರೆ ಮುಖ್ಯವಾಗಿ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳವರು. ಬೇಕಲದ ಕೋಟೆಯ ಕೆಳಗೆ ಬೆಂಕಿ ಒಟ್ಟಿದ ಜಿಲ್ಲೆಗೇ, ಮೂರು ವರ್ಷಗಳಲ್ಲಿ, ಕನ್ನಡದ ಅಕ್ಷರಗಳಲ್ಲಿ ಸೂರ್ಯನ ವಿಚಾರ ಹೊರಟಿತೆನ್ನಬಹುದು. ಅದು ಎಷ್ಟು ಮನೆಗಳನ್ನು ಮುಟ್ಟಿತೆಂಬುದಕ್ಕಿಂತ ಮುಟ್ಟಬೇಕೆಂಬ ಸಂಕಲ್ಪವೇ ಇಲ್ಲಿ ಗಣನೀಯ. ಗಣಿತಜ್ಞನೊಬ್ಬ ತನ್ನ ಕಾಲದ ಅತ್ಯಂತ ಹೊಸ ಸಂಶೋಧನೆಯನ್ನು, ಅದು ನಡೆಯುವ ಮೊದಲೇ, ದೇಶಭಾಷೆಗಳಲ್ಲಿ ಹೇಳಹೊರಟದ್ದಕ್ಕೆ ಆ ಶತಮಾನದಲ್ಲಿ ಹೆಚ್ಚು ಉದಾಹರಣೆಗಳು ಸಿಗಲಾರವು.

ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಅದೇ ವರ್ಷದ ಏಪ್ರಿಲ್ 13ರಂದು ಮದರಾಸಿನ ಪಚ್ಚಯ್ಯಪ್ಪ ಸಭಾಭವನದಲ್ಲಿ ಉಪನ್ಯಾಸ ಮಾಡುತ್ತ, ದೇಶೀಯ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿಯೇ ಒಂದು ಆಧುನಿಕ ವೇಧಶಾಲೆ ಸ್ಥಾಪನೆಯಾಗಬೇಕೆಂದೂ ಅದಕ್ಕೆ ಯಂತ್ರೋಪಕರಣಗಳನ್ನು ತಾವು ಒದಗಿಸುವುದಾಗಿಯೂ ಹೇಳಿದರು. ಸರಕಾರಿ ವೇಧಶಾಲೆಯಲ್ಲಿ ಜೀವಮಾನ ಸವೆಸಿದವರು ಇನ್ನೊಂದು ವೇಧಶಾಲೆಯನ್ನು ಏಕೆ ಕೇಳಿದರು? ಇದ್ದದ್ದು ಕಾಲಮಾಪನಕ್ಕೆ, ನೌಕಾಯಾನಕ್ಕೆ, ಭೂಮಾಪನಕ್ಕೆ, ನಕ್ಷತ್ರಗಳ ಪಟ್ಟಿಗೆ. ಕಲಿಯಬಯಸುವ ಹುಡುಗನಿಗೆ ಅದರ ಬಾಗಿಲು ಸುಲಭದಲ್ಲಿ ತೆರೆಯುವಂಥದಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು?

ಡಿಸೆಂಬರ್ 9ರಂದು ಮದರಾಸಿನ ಆಕಾಶದಲ್ಲಿ ಮೋಡಗಳು ಅಡ್ಡಬಂದುವು. ವೇಧಶಾಲೆಯ ಕೆಲಸ ನಿರೀಕ್ಷೆಯಂತೆ ಸಾಗಲಿಲ್ಲ. ಆಚಾರ್ಯರು 1880ರ ಫೆಬ್ರವರಿ 5ರಂದು ತೀರಿಕೊಂಡರು. ಅವರು ಬಯಸಿದ ಶಿಕ್ಷಣ ವೇಧಶಾಲೆ ಅಷ್ಟರೊಳಗೆ ಆಗಲಿಲ್ಲ. ಅದೇ ಶುಕ್ರಯೋಗದ ಬಳಿಕ ಕಲಕತ್ತೆಯಲ್ಲಿ ಪಾದ್ರಿ ಲಾಫೋಂ ಸೇಂಟ್ ಝೇವಿಯರ್ ಕಾಲೇಜಿನಲ್ಲಿ 1875ರಲ್ಲಿ ವೇಧಶಾಲೆಯನ್ನು ಕಟ್ಟಿಸಿ ಸಾರ್ವಜನಿಕ ಉಪನ್ಯಾಸಗಳಿಂದ ಜನರನ್ನು ಸೆಳೆದರೆಂಬುದನ್ನು ನೆನೆದರೆ, ದಕ್ಷಿಣದಲ್ಲಿ ಅದು ಕೈತಪ್ಪಿದ್ದು ಇನ್ನಷ್ಟು ಖೇದ ತರುತ್ತದೆ. ಮದರಾಸಿನ ಕಾರ್ಯವೂ 1899ರಲ್ಲಿ ಕೊಡೈಕಾನಲ್ ಬೆಟ್ಟಕ್ಕೆ ಸಾಗಿ ಊರಿನಿಂದ ಮತ್ತಷ್ಟು ದೂರವಾಯಿತು.

ಜನಶಿಕ್ಷಣದ ಭಾರವನ್ನು ಮುಂದೆ ಹೊತ್ತವರು ಕನ್ನಡದ ಲೇಖಕರೇ. ಆರ್. ಎಲ್. ನರಸಿಂಹಯ್ಯನವರು, ಪುತ್ತೂರಿನಲ್ಲಿದ್ದು ‘ವಿಚಿತ್ರ ಖಗೋಳ’ ಬರೆದ ಶಿವರಾಮ ಕಾರಂತರು, ಜಿ. ಟಿ. ನಾರಾಯಣ ರಾವ್ ಅವರು ದೂರದರ್ಶಕವಿಲ್ಲದ ಊರುಗಳಿಗೆ ಪುಸ್ತಕಗಳ ಮೂಲಕ ಆಕಾಶವನ್ನು ತಲುಪಿಸಿದರು. ಆದರೂ 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದಾಗ, ಹುಬ್ಬಳ್ಳಿಯ ಬಳಿಯ ಹೊಸೂರಿನಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಖಗೋಳ ವಿಜ್ಞಾನಿಗಳು ಶಿಬಿರ ಹೂಡಿದ್ದರು. ಊರುಗಳ ಬೀದಿಗಳು ಬರಿದಾಗಿದ್ದುವು, ಜನ ಬಾಗಿಲಿಕ್ಕಿ ಒಳಗೆ ಕುಳಿತಿದ್ದರು. ಬೇಕಲದಲ್ಲಿ ಜನ ಹೊರಗಾದರೂ ಬಂದಿ ನಿಂತಿದ್ದರು.

ಕರಾವಳಿಯಲ್ಲಿ ಈಗ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ದೂರದರ್ಶಕಗಳನ್ನು ಜನರ ನಡುವೆಯೇ ತಂದಿರಿಸುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ತೆರೆಯಿತು. ಮರುವರ್ಷವೇ, 2019ರ ಡಿಸೆಂಬರ್ 26ರಂದು, ಕಂಕಣ ಗ್ರಹಣದ ಪಥ ಬೇಕಲಕ್ಕೆ ತುಸು ದಕ್ಷಿಣದ ಚೆರುವತ್ತೂರನ್ನು ನಡುವಾಗಿಟ್ಟುಕೊಂಡು ಮಂಗಳೂರನ್ನೂ ಒಳಗೊಂಡು ಹಾದುಹೋಯಿತು. ಸೋಸುಗನ್ನಡಕ ಹಾಕಿಕೊಂಡು ಶಾಲಾ ಮಕ್ಕಳು ಆ ಉಂಗುರವನ್ನು ನೋಡಿದರು. ಅದೇ ಬೆಳಿಗ್ಗೆ ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ಗುಣವಾಗುವುದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತು.

ಮುಂದಿನ ಕಂಕಣ ಗ್ರಹಣ ದಕ್ಷಿಣ ಭಾರತಕ್ಕೆ ಬರುವುದು 2031ರ ಮೇ 21ರಂದು. ಅದರ ಪಥ ಕೇರಳದ ದಕ್ಷಿಣ ಭಾಗ ಮತ್ತು ತಮಿಳುನಾಡಿನ ಮೇಲಿನದು. ಬೇಕಲ, ಪಾಣೆಮಂಗಳೂರುಗಳಿಗೆ ಅಂದು ಪಾರ್ಶ್ವಗ್ರಹಣ.